ಹಳೇ ಸ್ಪೀಡ್‌ಬೋಟಿಗೆ ‘ಪರ್ಫಾರ್ಮೆನ್ಸ್ ಪ್ಯಾಕೇಜ್’ ಹಾಕಿಸೋ ಮುಂಚೆ ಇದನ್ನು ಓದಿ

ಸೆಕೆಂಡ್ ಹ್ಯಾಂಡ್ ಸ್ಪೀಡ್‌ಬೋಟ್ ಇಟ್ಟುಕೊಂಡವರು, ಕೊಳ್ಳಲು ಹೊರಟವರು, ದಯವಿಟ್ಟು ಪೂರ್ತಿ ಓದಿ. ‘ಒಂದು ಪ್ಯಾಕೇಜ್ ಹಾಕಿಸಿ ಸರ್, ಬೋಟು ಹಾರುತ್ತೆ’ ಅಂತ ಯಾರಾದರೂ ಹೇಳಿದರೆ, ಅಡ್ವಾನ್ಸ್ ಕೊಡೋ ಮುಂಚೆ ಓದಿ. ನನ್ನ ದುಡ್ಡಂತೂ ಹೋಯಿತು. ಬೋಟಿನಲ್ಲಿ ಕೂತಿದ್ದ ಸ್ನೇಹಿತರ ಮುಂದೆ ಮಾನ ಹೋಯಿತಲ್ಲ, ಅದು ಇನ್ನೂ ಉರಿಯುತ್ತಿದೆ.

ಬೋಟು ಹಳೆಯದು. ಫೈಬರ್ ಒಡಲು, 5.7 ಲೀಟರಿನ ವಿ8 ಪೆಟ್ರೋಲ್ ಎಂಜಿನ್, ಹಿಂದೆ ಸ್ಟರ್ನ್ ಡ್ರೈವ್, ಅಂದರೆ ಒಳಗಿನ ಎಂಜಿನ್‌ನಿಂದ ಪ್ರೊಪೆಲ್ಲರ್ ತಿರುಗಿಸುವ, ಹಿಂಗೋಡೆಯ ಹೊರಗಿನ ಘಟಕ. ಕೊಂಡಾಗಿನಿಂದ ಒಂದೇ ತಕರಾರು. ಸ್ಪೀಡ್‌ಬೋಟು ಓಟ ಹಿಡಿದಾಗ ಒಡಲು ನೀರಿನಿಂದ ಮೇಲೆದ್ದು ಜಾರಬೇಕು; ಇದು ಏಳುವುದು ನಿಧಾನ, ಎದ್ದ ಮೇಲೂ ಓಟ ಸಾಲದು. ಥ್ರಾಟಲ್ ಪೂರ್ತಿ ತಳ್ಳಿದರೆ 4300 ಆರ್‌ಪಿಎಂಗೆ ನಿಂತುಬಿಡುತ್ತಿತ್ತು. ಇದರ ಮ್ಯಾನ್ಯುಯಲ್‌ನಲ್ಲಿ ಇರುವುದು 4400ರಿಂದ 4800. ಅಂದರೆ ಎಂಜಿನ್‌ಗೆ ಎಲ್ಲೋ ಭಾರ ಜಾಸ್ತಿಯಾಗುತ್ತಿದೆ ಅಂತ ಅರ್ಥ. ಬೋಟು ಗೊತ್ತಿರುವ ಯಾವ ಮೆಕ್ಯಾನಿಕ್ ಆದರೂ ಮೊದಲು ಕೇಳಬೇಕಾದದ್ದು ‘ಯಾಕೆ?’ ಅಂತ.

ನಾನು ಬೋಟು ತೋರಿಸಿದ ಮೆಕ್ಯಾನಿಕ್ ಕೇಳಲಿಲ್ಲ. ಎಂಜಿನ್ ಮುಚ್ಚಳ ಎತ್ತಿ, ಒಂದು ಸಲ ಇಣುಕಿ, ‘ಎಂಜಿನ್‌ಗೆ ಉಸಿರು ಕಟ್ತಾ ಇದೆ ಸರ್’ ಅಂದ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಇಲ್ಲ. ಬೋಟನ್ನು ನೀರಿಗಿಳಿಸಿ ನೋಡಲಿಲ್ಲ. ಹೊಸ ಕಾರ್ಬೊರೇಟರ್, ಹೊಸ ಏರ್ ಫಿಲ್ಟರ್, ಹೊಸ ಸ್ಟೀಲ್ ಪ್ರೊಪೆಲ್ಲರ್, ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತುವ ಸಮಯ) ಸ್ವಲ್ಪ ಮುಂದಕ್ಕೆ, ಇಷ್ಟು ಸೇರಿದ್ದು ‘ಸ್ಟೇಜ್ 1’ ಅಂತ ಪಟ್ಟಿ ಕೊಟ್ಟ. 30 ಕುದುರೆಬಲ ಜಾಸ್ತಿ ಸಿಗುತ್ತೆ, ಗಂಟೆಗೆ 50 ಮೈಲಿ ಗ್ಯಾರಂಟಿ ಅಂದ. ಗ್ಯಾರಂಟಿ ಅನ್ನೋ ಪದ ಅವನದೇ. ಮೆಸೇಜ್ ಇದೆ.

ಟ್ರಯಲ್ ದಿನ ಬೋಟಿನಲ್ಲಿ ಇದ್ದದ್ದು ನಾನು ಮತ್ತು ಆತ. ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲು ಭಾಗವೂ ಇರಲಿಲ್ಲ. ಗಾಳಿ ಹಿಂದಿನಿಂದ. ಮೀಟರಿನ ಮುಳ್ಳು 50 ಮುಟ್ಟಿತು. ಆತ ನನ್ನ ಭುಜ ತಟ್ಟಿ, ‘ನೋಡಿ ಸರ್, ಹೇಳಿದ್ನಲ್ಲ’ ಅಂದ. ನಾನು ನಕ್ಕೆ. ಬಾಕಿ ದುಡ್ಡು ಅಲ್ಲೇ ಕೊಟ್ಟೆ. ಆ ನಗು ನೆನಪಾದರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ.

ಆಮೇಲೆ ಸ್ನೇಹಿತರನ್ನು ಕರೆದುಕೊಂಡು ಹೋದೆ. ‘ಈಗ ನೋಡ್ರೋ’ ಅಂತ ಹೇಳಿಯೇ ಥ್ರಾಟಲ್ ತಳ್ಳಿದೆ. ಮೂತಿ ಮೇಲೆದ್ದಿತು, ಎದ್ದೇ ಇತ್ತು. ಮುಂದೆ ಏನೂ ಕಾಣುತ್ತಿಲ್ಲ. ಎಂಜಿನ್ ಗೊರಗೊರ ಅನ್ನುತ್ತಿದೆ, ಬೋಟು ಮಾತ್ರ ನೀರು ಬಿಟ್ಟು ಮೇಲೆ ಬರುತ್ತಿಲ್ಲ. ಇಬ್ಬರನ್ನು ಮುಂದಕ್ಕೆ ಕೂರಿಸಿದ ಮೇಲೆ ಹೇಗೋ ಎದ್ದಿತು. ಆರ್‌ಪಿಎಂ ತೋರಿಸುವ ಟ್ಯಾಕೋ ನೋಡಿದರೆ 3600! ಮುಂಚೆ 4300 ಬರುತ್ತಿದ್ದ ಎಂಜಿನ್. ಆಗ ಪಕ್ಕದಲ್ಲಿದ್ದವನು ಫೋನಿನ ಜಿಪಿಎಸ್ ತೋರಿಸಿದ. ಮೀಟರ್ 50 ಅನ್ನುತ್ತಿದೆ, ಫೋನ್ 42. ‘ನಿಂದು ಸುಳ್ಳು ಹೇಳ್ತಿದೆ ಕಣೋ’ ಅಂದ. ಎಲ್ಲರೂ ನಕ್ಕರು. ವಾಪಸ್ ತಿರುಗಿ, ಎದುರಿನ ದಿಕ್ಕಿನಲ್ಲೂ ಓಡಿಸಿ ನೋಡಿದೆವು. ಅದೇ 42.

ಹಳೇ ಬೋಟಿನ ಸ್ಪೀಡೋಮೀಟರ್ ಕೆಲಸ ಮಾಡುವುದೇ ಬೇರೆ ಥರ. ನೀರಿನಲ್ಲಿ ಒಂದು ಸಣ್ಣ ತೂತು, ಅಲ್ಲಿಂದ ಪೈಪು, ನೀರಿನ ಒತ್ತಡ ಎಷ್ಟು ಬಂತೋ ಅಷ್ಟಕ್ಕೆ ಮುಳ್ಳು ಏರುತ್ತದೆ. ಕೆಲವು ಮೀಟರುಗಳ ಹಿಂದೆ ಸರಿಹೊಂದಿಸಲು ಸಣ್ಣ ತಿರುಪು ಇರುತ್ತದೆ. ನನ್ನದರಲ್ಲೂ ಇದೆ. ದಡಕ್ಕೆ ಬಂದು ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಟಾರ್ಚ್ ಹಾಕಿ ನೋಡಿದೆ. ಸುತ್ತ ಎಲ್ಲಾ ಹಸಿರು ಕಿಲುಬು, ಧೂಳು. ಆ ತಿರುಪಿನ ತಲೆ ಮಾತ್ರ ಪಳಪಳ ಹೊಳೆಯುತ್ತಿದೆ, ಸ್ಕ್ರೂಡ್ರೈವರ್ ಜಾರಿದ ಹೊಸ ಗೀರು ಪಕ್ಕದಲ್ಲೇ! ಅಲ್ಲೇ ಮಲಗಿದ್ದೆ ಸ್ವಲ್ಪ ಹೊತ್ತು. ಎದ್ದು ಬರಲು ಮನಸ್ಸಾಗಲಿಲ್ಲ.

ಫೋನ್ ಮಾಡಿದೆ. ಆತನ ಮೊದಲ ಉತ್ತರ: ‘ಫೋನ್ ಸ್ಪೀಡ್ ನಂಬಬೇಡಿ ಸರ್, ನೀರಿನ ಮೇಲೆ ಅದು ಸರಿಯಾಗಿ ತೋರಿಸಲ್ಲ.’ ಯಾಕೆ ತೋರಿಸಲ್ಲ? ಮರ, ಕಟ್ಟಡ ಏನೂ ಅಡ್ಡ ಇಲ್ಲದ ಬಯಲಿನಲ್ಲಿ ಜಿಪಿಎಸ್ ಇನ್ನೂ ಚೆನ್ನಾಗಿಯೇ ಹಿಡಿಯುತ್ತದೆ ಅಲ್ವಾ?

ಆರ್‌ಪಿಎಂ ಯಾಕೆ ಬಿತ್ತು ಅಂತ ಕೇಳಿದೆ. ‘ಒಳ್ಳೇದೇ ಅಲ್ವಾ ಸರ್, ಎಂಜಿನ್‌ಗೆ ಆರಾಮ.’

ಆರಾಮವಂತೆ! ಪಿಚ್ ಅಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಜಾರದೆ ಮುಂದೆ ಹೋಗಬೇಕಾದ ದೂರ. ಹಳೇ ಪ್ರೊಪೆಲ್ಲರ್ 19 ಇಂಚು ಪಿಚ್, ಈತ ಹಾಕಿದ್ದು 23. ಪಿಚ್ ಒಂದು ಇಂಚು ಏರಿದರೆ ಸುಮಾರು 150ರಿಂದ 200 ಆರ್‌ಪಿಎಂ ಬೀಳುತ್ತದೆ. ನಾಲ್ಕು ಇಂಚಿಗೆ 700 ಬಿದ್ದಿದೆ, ಲೆಕ್ಕ ಸರಿಯಾಗಿದೆ. ವೇಗದ ಲೆಕ್ಕವೂ ಕಷ್ಟದ್ದಲ್ಲ. ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಗೇರ್ ಅನುಪಾತದಿಂದ ಭಾಗಿಸಿ, 1056ರಿಂದ ಇನ್ನೊಮ್ಮೆ ಭಾಗಿಸಿ, ಗಂಟೆಗೆ ಎಷ್ಟು ಮೈಲಿ ಅಂತ ಬರುತ್ತದೆ. ನನ್ನ ಡ್ರೈವ್‌ನ ಅನುಪಾತ 1.5. ಮುಂಚೆ ಕಾಗದದ ಮೇಲೆ ಸುಮಾರು 51.6 ಮೈಲಿ. ಈಗ 52.3. ಅಷ್ಟೇ! ಇಷ್ಟಕ್ಕೆ ಸ್ಟೀಲ್ ಪ್ರೊಪೆಲ್ಲರ್, ಅದರ ಮೇಲೆ ಎಂಜಿನ್ ಏದುಸಿರು. ಫುಲ್ ಥ್ರಾಟಲ್‌ನಲ್ಲಿ ಇರಬೇಕಾದ ಆರ್‌ಪಿಎಂಗೆ ಬಾರದ ಎಂಜಿನ್ ಬಿಸಿಯೇರುತ್ತದೆ, ನಾಕ್ ಹೊಡೆಯುತ್ತದೆ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ತಪ್ಪಾಗಿ ಸಿಡಿದು ಟಕಟಕ ಸದ್ದು ಬರುತ್ತದೆ. ಟೈಮಿಂಗ್ ಬೇರೆ ಮುಂದಕ್ಕೆ ಸರಿಸಿದ್ದಾನೆ, ಪಿಸ್ಟನ್‌ಗೆ ಇನ್ನೇನು ಬೇಕು.

ಇದು ದುಡ್ಡಿನ ಮಾತಾಯಿತು. ಜೀವದ ಮಾತು ಬೇರೆ ಇದೆ. ಎರಡನೇ ಮೆಕ್ಯಾನಿಕ್ ಒಬ್ಬರಿಗೆ ಬೋಟು ತೋರಿಸಿದೆ. ವಯಸ್ಸಾದವರು, ಮಾತು ಕಡಿಮೆ. ಮುಚ್ಚಳ ಎತ್ತಿದವರೇ, ‘ಇದನ್ನ ಸ್ಟಾರ್ಟ್ ಮಾಡಬೇಡಿ’ ಅಂದರು. ಮೊದಲ ಮೆಕ್ಯಾನಿಕ್ ಫ್ಲೇಮ್ ಅರೆಸ್ಟರ್ ಕಿತ್ತು ಕಾರಿನ ಕ್ರೋಮ್ ಏರ್ ಫಿಲ್ಟರ್ ಕೂರಿಸಿದ್ದ. ಕಾರ್ಬೊರೇಟರ್ ಕೂಡ ಕಾರಿನದೇ. ಕಾರಿನಲ್ಲಿ ಪೆಟ್ರೋಲ್ ತುಳುಕಿದರೆ ರಸ್ತೆಗೆ ಬೀಳುತ್ತದೆ, ಆವಿ ಗಾಳಿಗೆ ಹೋಗುತ್ತದೆ. ಬೋಟಿನಲ್ಲಿ ಎಲ್ಲಿಗೆ ಹೋಗಬೇಕು? ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಿಲ್ಜ್‌ನಲ್ಲಿ, ಅಂದರೆ ಒಡಲಿನ ತಳದಲ್ಲಿ, ಕೂರುತ್ತದೆ. ಎಂಜಿನ್ ಒಂದು ಸಲ ಬ್ಯಾಕ್‌ಫೈರ್ ಆದರೆ ಆ ಕಿಡಿಯನ್ನು ತಡೆಯಲೆಂದೇ ಫ್ಲೇಮ್ ಅರೆಸ್ಟರ್ ಇರುವುದು. ಮರೀನ್ ಕಾರ್ಬೊರೇಟರಿನಲ್ಲಿ ತುಳುಕಿದ ಪೆಟ್ರೋಲ್ ಹೊರಗೆ ಚೆಲ್ಲದೆ ವಾಪಸ್ ಎಂಜಿನ್ ಒಳಗೇ ಹೋಗುವ ಹಾಗೆ ಮಾಡಿರುತ್ತಾರೆ. ಇವೆಲ್ಲ ಚಂದಕ್ಕೆ ಇಟ್ಟದ್ದಲ್ಲ. ನಾನು ಸ್ನೇಹಿತರನ್ನು ಕೂರಿಸಿಕೊಂಡು ಓಡಿಸಿದ್ದು ಇದೇ ಬೋಟನ್ನು.

ಆತನಿಗೆ ಹೇಳಿದರೆ ಬಂದ ಉತ್ತರ: ‘ಏನೂ ಆಗಿಲ್ಲ ತಾನೆ ಸರ್?’

ಇನ್ನು ಅಸಲಿ ಕಾಯಿಲೆಗೆ ಬರುತ್ತೇನೆ. ಹಿರಿಯರು ಸುತ್ತಿಗೆಯ ಹಿಡಿಯಿಂದ ಬೋಟಿನ ಹಿಂಗೋಡೆ, ಅದೇ ಟ್ರಾನ್ಸಮ್, ತಟ್ಟುತ್ತಾ ಹೋದರು. ಮೇಲೆ ಟಕ್ ಟಕ್. ಡ್ರೈವ್ ಹತ್ತಿರ ಬಂದಾಗ ದಬ್ ದಬ್. ಒಳಗಡೆಯಿಂದ ಸಣ್ಣ ಡ್ರಿಲ್ ಹಾಕಿದರು. ಇದರ ಟ್ರಾನ್ಸಮ್‌ನ ಫೈಬರ್ ಒಳಗೆ ಮರ ಇದೆ, ಮರದ ಪುಡಿ ಬರಬೇಕಿತ್ತು. ಬಂದದ್ದು ಕಪ್ಪು ರಾಡಿ, ಹುಳಿ ವಾಸನೆ. ಕೆಳಗಿನ ನೆಲದಲ್ಲಿ ತೂತು ಮಾಡಿ ಒಂದು ಹಿಡಿ ಫೋಮ್ ಕಿತ್ತು ನನ್ನ ಕೈಗೆ ಕೊಟ್ಟರು. ಹಿಂಡಿದೆ. ನೀರು ಮೊಣಕೈವರೆಗೆ ಇಳಿಯಿತು. ಟ್ರೇಲರ್ ಸಮೇತ ವೇ ಬ್ರಿಡ್ಜ್‌ಗೆ ಒಯ್ದು, ಬರೀ ಟ್ರೇಲರಿನ ತೂಕ ಕಳೆದರೆ, ಇರಬೇಕಾದ್ದಕ್ಕಿಂತ ಸುಮಾರು 300 ಕಿಲೋ ಜಾಸ್ತಿ. ನಾನು ಇಷ್ಟು ದಿನ ಐದು ಜನರಷ್ಟು ತೂಕದ ನೀರನ್ನು ಒಡಲೊಳಗೆ ಹೊತ್ತು ತಿರುಗಿದ್ದೇನೆ.

ಇಂಥ ಬೋಟಿನ ಟಾಪ್ ಸ್ಪೀಡ್ ಸುಮಾರಾಗಿ ಕುದುರೆಬಲವನ್ನು ತೂಕದಿಂದ ಭಾಗಿಸಿದ್ದರ ವರ್ಗಮೂಲದ ಪ್ರಕಾರ ಏರುತ್ತದೆ. 260 ಕುದುರೆಬಲದ ನನ್ನ ಎಂಜಿನ್‌ಗೆ ನಿಜವಾಗಿ 30 ಕುದುರೆ ಸೇರಿದ್ದರೂ ವೇಗ ಏರುತ್ತಿದ್ದದ್ದು 100ಕ್ಕೆ 5-6 ಭಾಗ. 42 ಇದ್ದದ್ದು 44 ಮತ್ತು ಚೂರು. ಬೋಟಿನ ಈಗಿನ 1700 ಕಿಲೋದಿಂದ 300 ಇಳಿದರೆ? 100ಕ್ಕೆ 10 ಭಾಗ. ಎಂಜಿನ್‌ಗೆ ಒಂದು ನಟ್ಟೂ ಮುಟ್ಟದೆ. ಸುಳಿವೂ ಕಣ್ಣೆದುರೇ ಇತ್ತು. ಕಾಗದದ ವೇಗಕ್ಕೂ ನೀರಿನ ಮೇಲಿನ ವೇಗಕ್ಕೂ 100ಕ್ಕೆ 10-15 ಭಾಗ ವ್ಯತ್ಯಾಸ ಸಹಜ, ಅದನ್ನು ಸ್ಲಿಪ್ ಅನ್ನುತ್ತಾರೆ. ನನ್ನದು 20. ಈ ಕೆಲಸವನ್ನೇ ಮಾಡುವವನಿಗೆ ಇದು ಗೊತ್ತಿರಲಿಲ್ಲ ಅಂದರೆ ನಾನು ನಂಬಲ್ಲ.

ನಂಬದಿರಲು ಇನ್ನೊಂದು ಕಾರಣ ಇದೆ. ಕೆಲಸ ನಡೆಯುವಾಗ ಆತನೇ ಫೋಟೋ ಕಳಿಸಿದ್ದ, ‘ಪ್ರೋಗ್ರೆಸ್ ಸರ್’ ಅಂತ, ಥಂಬ್ಸ್ ಅಪ್ ಹಾಕಿ. ಮೊನ್ನೆ ಅದನ್ನು ದೊಡ್ಡದು ಮಾಡಿ ನೋಡಿದೆ. ಕ್ರೋಮ್ ಫಿಲ್ಟರ್ ಹಿಂದೆ, ಟ್ರಾನ್ಸಮ್‌ನ ಒಂದು ಬೋಲ್ಟ್ ಬಿಚ್ಚಿದ ತೂತಿನಿಂದ ಕಂದು ನೀರು ಇಳಿದ ಕಲೆ. ಅದರ ಕೆಳಗೆ ಆತ ಬಟ್ಟೆ ತುರುಕಿದ್ದಾನೆ. ಬಟ್ಟೆ ತುರುಕಿದ್ದಾನೆ ಅಂದರೆ ನೋಡಿದ್ದಾನೆ. ನೋಡಿಯೂ ಕ್ರೋಮ್ ಫಿಲ್ಟರ್ ಮಾರಿದ್ದಾನೆ.

ಅದೇ ಫೋಟೋ ವಾಪಸ್ ಕಳಿಸಿ ಕೇಳಿದೆ. ತುಂಬಾ ಹೊತ್ತು ‘ಟೈಪಿಂಗ್’ ಅಂತ ಬಂತು, ಹೋಯಿತು, ಬಂತು. ಕೊನೆಗೆ: ‘ನೀವು ಸ್ಪೀಡ್ ಕೇಳಿದ್ರಿ ಸರ್. ಮರದ ವಿಷಯ ಕೇಳಿರಲಿಲ್ಲ.’

ಇದನ್ನು ಎಷ್ಟು ಸಲ ಓದಿದ್ದೇನೋ. ಅದರ ಕೆಳಗೆ ಇನ್ನೊಂದು: ‘ಸ್ಟೇಜ್ 2 ಮಾಡಿಸಿದ್ರೆ ಭಾರ ಇದ್ರೂ ಎಳೆಯುತ್ತೆ. ನಿಮಗೆ ಅಂತ ಡಿಸ್ಕೌಂಟ್ ಕೊಡ್ತೀನಿ.’

ನಿಮಗೆ ಹೇಳುವುದಿಷ್ಟೆ. ಹಳೇ ಬೋಟಿಗೆ ಒಂದು ಪೈಸೆ ಖರ್ಚು ಮಾಡೋ ಮುಂಚೆ ತೂಕ ಹಾಕಿಸಿ, ಟ್ರಾನ್ಸಮ್ ತಟ್ಟಿಸಿ, ಎಲ್ಲಾ ಸಿಲಿಂಡರಿನ ಕಂಪ್ರೆಷನ್ ನಿಮ್ಮ ಕಣ್ಣೆದುರು ಅಳೆಸಿ. ಮುಂಚಿನ ವೇಗ ಜಿಪಿಎಸ್‌ನಲ್ಲಿ ಎರಡೂ ದಿಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಟ್ರಯಲ್‌ಗೆ ಟ್ಯಾಂಕ್ ತುಂಬಿಸಿ, ಜನ ತುಂಬಿಸಿ. ‘ಸ್ಟೇಜ್’ ಅನ್ನೋ ಮಾತು ಬಂದ ಕೂಡಲೇ ಎದ್ದು ಬನ್ನಿ. ಮತ್ತೆ ಬಿಚ್ಚಿದ ಹಳೇ ಸಾಮಾನು ಅಂದೇ ವಾಪಸ್ ತನ್ನಿ.

ನನ್ನ 19ರ ಪ್ರೊಪೆಲ್ಲರ್, ಮರೀನ್ ಕಾರ್ಬೊರೇಟರ್, ಫ್ಲೇಮ್ ಅರೆಸ್ಟರ್ ಮೂರೂ ಆತನ ಹತ್ತಿರವೇ ಉಳಿದವು. ಕೇಳಿದ್ದಕ್ಕೆ ಮೊದಲು ‘ಗುಜರಿಗೆ ಹೋಯ್ತು’ ಅಂದ. ಬಿಡದೆ ಕೇಳಿದಾಗ, ಬೇರೆ ಬೋಟಿನವರೊಬ್ಬರು ತಗೊಂಡಿದ್ದಾರೆ, ಬೇಕಿದ್ದರೆ ಅವರ ಹತ್ತಿರ ಮಾತಾಡಿ ಕೊಡಿಸ್ತೀನಿ, ರೇಟ್ ಮಾತ್ರ ಅವರೇ ಹೇಳಬೇಕು ಅಂದ.