ಹಿಮ್ಮಡಿ ಲ್ಯಾನ್ಸೆಟ್, ಸಕ್ಕರೆ ಹನಿ: ಹಸುಗೂಸಿನ ರಕ್ತ ತೆಗೆಯುವಾಗ ದುಡ್ಡು ಯಾವುದಕ್ಕೆ ಹಾಕಬೇಕು?

ಹುಟ್ಟಿದ ಎರಡು-ಮೂರು ದಿನಕ್ಕೆ ಥೈರಾಯ್ಡ್ ಪರೀಕ್ಷೆಗೆ, ಮೈ ಹಳದಿಯಾದರೆ ಬಿಲಿರುಬಿನ್‌ಗೆ, ತೂಕ ಕಮ್ಮಿಯಿದ್ದರೆ ಶುಗರ್‌ಗೆ ಎಂದು ಮಗುವಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುತ್ತಾರೆ. ಆ ನೋವು ತಗ್ಗಿಸಲೆಂದು ಮಾರುವ ಎರಡು ಸಾಮಾನುಗಳ ವಿಮರ್ಶೆ ಇದು. ಒಂದು ಬಿ.ಡಿ. ಕಂಪನಿಯ ಕ್ವಿಕ್‌ಹೀಲ್ ಲ್ಯಾನ್ಸೆಟ್, ಅಂದರೆ ರಕ್ತದ ಹನಿಗಾಗಿ ಚರ್ಮ ಚುಚ್ಚುವ ಪುಟ್ಟ ಸಾಧನ; ಇನ್ನೊಂದು ಫಿಲಿಪ್ಸ್‌ನ ಸ್ವೀಟ್-ಈಸ್ ಎಂಬ 24% ಸುಕ್ರೋಸ್ (ಸಕ್ಕರೆ) ದ್ರಾವಣ. ಮೊದಲನೆಯದಕ್ಕೆ ಹಿಂದೆಮುಂದೆ ನೋಡದೆ ದುಡ್ಡು ಹಾಕಬಹುದು. ಎರಡನೆಯದು ಎನ್‌ಐಸಿಯುವಿಗೆ (ಹಸುಗೂಸುಗಳ ತೀವ್ರ ನಿಗಾ ಘಟಕಕ್ಕೆ) ಬೇಕು, ಅಮ್ಮನ ಪಕ್ಕದಲ್ಲೇ ಮಲಗಿರುವ ಮಗುವಿಗೆ ಸಾಮಾನ್ಯವಾಗಿ ಬೇಡ.

ಹಲವು ಚಿಕ್ಕ ನರ್ಸಿಂಗ್ ಹೋಮ್‌ಗಳಲ್ಲಿ ಇಂದಿಗೂ ಹಿಮ್ಮಡಿಗೆ ಬಳಸುವುದು ಇಂಜೆಕ್ಷನ್ ಸೂಜಿ, ಇಲ್ಲವೇ ದೊಡ್ಡವರ ಬೆರಳು ಚುಚ್ಚುವ ಲ್ಯಾನ್ಸೆಟ್. ಸೂಜಿ ಎಷ್ಟು ಆಳ ಹೋಗಬೇಕೆಂಬುದು ಹಿಡಿದವರ ಅಂದಾಜಿಗೆ ಬಿಟ್ಟದ್ದು. ಮೇಲೆ ಮೇಲೆ ಚುಚ್ಚಿದರೆ ರಕ್ತ ಬಾರದೆ ಇನ್ನೊಮ್ಮೆ ಚುಚ್ಚಬೇಕು, ಆಳಕ್ಕೆ ಹೋದರೆ ಎಲುಬಿಗೆ ತಗುಲಿ ಸೋಂಕಾಗುವ ಭಯ. ಕ್ವಿಕ್‌ಹೀಲ್ ಒಳಗೆ ಸ್ಪ್ರಿಂಗ್ ಇದೆ. ಗುಂಡಿ ಒತ್ತಿದರೆ ಪುಟ್ಟ ಅಲಗು ಪಕ್ಕಕ್ಕೆ ಸೀಳಿ ಮತ್ತೆ ಒಳಗೆ ಹೋಗಿ ಕೂರುತ್ತದೆ, ಇನ್ನೊಮ್ಮೆ ಹೊರಬರುವುದಿಲ್ಲ. ದಿನ ತುಂಬಿದ ಮಗುವಿಗೆ ಹಸಿರು ಬಣ್ಣದ್ದು, 1.0 ಮಿ.ಮೀ. ಆಳ, 2.5 ಮಿ.ಮೀ. ಉದ್ದ. ತೂಕ ಕಮ್ಮಿಯಿರುವ ಕೂಸಿಗೆ ಗುಲಾಬಿ, 0.85 ಮಿ.ಮೀ. ಆಳ, 1.75 ಮಿ.ಮೀ. ಉದ್ದ.

ಸೂಜಿಯದು ತೂತು, ಇದರದು ಸೀಳು. ಹಾಗಾಗಿ ರಕ್ತ ತಾನೇ ಹರಿದು ಬರುತ್ತದೆ. ಇದರ ಬೆಲೆ ಇರುವುದು ಅಲ್ಲೇ, ಏಕೆಂದರೆ ಅನೇಕ ಸಲ ಮಗು ಹೆಚ್ಚು ಕಿರುಚುವುದು ಚುಚ್ಚಿದ್ದಕ್ಕಲ್ಲ, ಆಮೇಲೆ ಕಾಲನ್ನು ಹಿಂಡುವುದಕ್ಕೆ. ಹಿಂಡಿದರೆ ರಕ್ತಕಣ ಒಡೆದು ಪೊಟ್ಯಾಸಿಯಂ ಸುಳ್ಳೇ ಜಾಸ್ತಿ ತೋರುತ್ತದೆ, ಲ್ಯಾಬ್‌ನವರು ಮತ್ತೆ ಸ್ಯಾಂಪಲ್ ಕೇಳುತ್ತಾರೆ, ಕೂಸಿಗೆ ಇನ್ನೊಂದು ಏಟು.

ದೋಷ ಇಲ್ಲವೆಂದಲ್ಲ. ಹಿಮ್ಮಡಿಗೆ ಇಡುವ ಮೊದಲೇ ಗುಂಡಿ ಒತ್ತಿಹೋದರೆ ಅದು ಕಸದ ಬುಟ್ಟಿಗೆ. ಜೋರಾಗಿ ಅದುಮಿ ಹಿಡಿದರೆ ಚರ್ಮ ತಗ್ಗಿ, ಅಲಗು ಬೇಕಾದ್ದಕ್ಕಿಂತ ಆಳಕ್ಕೆ ಇಳಿಯುತ್ತದೆ. ತಾಗಿಸಿ ಹಿಡಿದರೆ ಸಾಕು. ಗ್ಲುಕೋಮೀಟರ್‌ಗೆ ಬೇಕಾದ ಒಂದೇ ಹನಿಗೆ ಹಸಿರು ಲ್ಯಾನ್ಸೆಟ್ ಅತಿಯಾಯಿತು.

ಒಳ್ಳೆಯ ಲ್ಯಾನ್ಸೆಟ್ ಕೊಂಡು ತಪ್ಪು ಜಾಗಕ್ಕೆ ಇಟ್ಟರೆ ಕೊಂಡದ್ದು ದಂಡ. ಅಂಗಾಲಿನ ಮೇಲೆ ಹೆಬ್ಬೆರಳ ನಡುವಿನಿಂದ ಹಿಮ್ಮಡಿಗೆ ಒಂದು ಗೆರೆ, ಕೊನೆಯ ಎರಡು ಬೆರಳುಗಳ ಸಂದಿಯಿಂದ ಇನ್ನೊಂದು ಗೆರೆ ಎಳೆದಂತೆ ಅಂದುಕೊಳ್ಳಿ. ಈ ಗೆರೆಗಳಾಚೆ ಪಾದದ ಎರಡು ಅಂಚುಗಳೇ ಸರಿಯಾದ ಜಾಗ. ನಡುಭಾಗ ಬೇಡ, ಹಿಮ್ಮಡಿಯ ಹಿಂದಿನ ತಿರುವು ಖಂಡಿತ ಬೇಡ. ಕಾಲು ತಣ್ಣಗಿದ್ದರೆ ಬೆಚ್ಚನೆಯ ಬಟ್ಟೆ ಸುತ್ತಿ ಮೂರ್ನಾಲ್ಕು ನಿಮಿಷ ಬಿಡಿ. ಬಿಸಿ ನೀರಿನ ಚೀಲ ಇಟ್ಟು ಸುಡಿಸಬೇಡಿ. ಸ್ಪಿರಿಟ್ ಪೂರ್ತಿ ಆರಬೇಕು. ಮೊದಲ ಹನಿಯನ್ನು ಒಣ ಗಾಜ್ ಬಟ್ಟೆಯಿಂದ ಒರೆಸಿ. ಮೆಲ್ಲನೆ ಒತ್ತಿ, ಬಿಟ್ಟು, ರಕ್ತ ತುಂಬಿಕೊಳ್ಳಲು ಬಿಡಿ. ಥೈರಾಯ್ಡ್ ಪರೀಕ್ಷೆಗಾದರೆ, ರಕ್ತ ಹೀರಿಕೊಳ್ಳುವ ಫಿಲ್ಟರ್ ಪೇಪರಿನ ವೃತ್ತವನ್ನು ಒಂದೇ ಬದಿಯಿಂದ, ಒಂದೇ ದೊಡ್ಡ ಹನಿಯಿಂದ ತುಂಬಿಸಿ. ಒಂದು ಎಂ.ಎಲ್.ಗಿಂತ ಹೆಚ್ಚು ರಕ್ತ ಬೇಕಿದ್ದರೆ ಹಿಮ್ಮಡಿಯ ತಂಟೆಗೇ ಹೋಗಬಾರದು. ಕೈ ಪಳಗಿದವರು ಮುಂಗೈ ರಕ್ತನಾಳದಿಂದ ತೆಗೆದರೆ ದಿನ ತುಂಬಿದ ಮಗುವಿಗೆ ನೋವು ಕಮ್ಮಿ.

ಇನ್ನು ಸ್ವೀಟ್-ಈಸ್. ಮುಚ್ಚಳ ಸುಲಿದು ತೆಗೆಯುವ 15 ಎಂ.ಎಲ್. ಕಪ್. ದಿನ ತುಂಬಿದ ಮಗುವಿಗೆ ಬೇಕಾದದ್ದು ಅರ್ಧದಿಂದ 2 ಎಂ.ಎಲ್., ತೀರಾ ದಿನ ಮುಂಚೆ ಹುಟ್ಟಿದ್ದಕ್ಕೆ 0.1 ಎಂ.ಎಲ್.ನಿಂದ ಶುರು. ಉಳಿದದ್ದು ಸಿಂಕಿಗೆ. ಚೆಲ್ಲಲು ಮನಸ್ಸಾಗದೆ ಅದೇ ಕಪ್ಪನ್ನು ಪಕ್ಕದ ತೊಟ್ಟಿಲಿಗೆ ಒಯ್ದರೆ ಸೋಂಕನ್ನೂ ಜೊತೆಗೆ ಒಯ್ದಂತೆ. ತುದಿ ತಿರುಚಿ ಮುರಿಯುವ ಒಂದೆರಡು ಎಂ.ಎಲ್. ವಯಲ್ ಸಿಕ್ಕರೆ ಅದೇ ವಾಸಿ.

ಕೊಡುವ ಕ್ರಮದಲ್ಲೇ ಬಹಳ ಮಂದಿ ಎಡವುತ್ತಾರೆ. ಚುಚ್ಚುವ ಎರಡು ನಿಮಿಷ ಮೊದಲು, ನಾಲಿಗೆಯ ಮುಂಭಾಗಕ್ಕೆ, ಹನಿ ಹನಿಯಾಗಿ ಕೊಡಬೇಕು. ಕೆಲಸ ಮಾಡುವುದು ಸಿಹಿಯ ರುಚಿ. ಮೂಗಿನ ಟ್ಯೂಬಿನಲ್ಲಿ ಹೊಟ್ಟೆಗೆ ಬಿಟ್ಟರೆ ಉಪಯೋಗವಿಲ್ಲ. ಅದರ ಬಲ ನಾಲ್ಕೈದು ನಿಮಿಷ, ಅಷ್ಟೇ. ಕೆಲಸ ಎಳೆದರೆ ಸ್ವಲ್ಪ ಸ್ವಲ್ಪ ಮತ್ತೆ ಕೊಡಬೇಕು, ಕೊಟ್ಟದ್ದನ್ನು ಔಷಧಿಯಂತೆ ಕೇಸ್ ಶೀಟ್‌ನಲ್ಲಿ ಬರೆಯಬೇಕು. ಬಾಯಿಗೆ ಏನೂ ಕೊಡಬಾರದೆಂದಿರುವ ಮಗುವಿಗೆ ವೈದ್ಯರನ್ನು ಕೇಳದೆ ಬೇಡ. ಇನ್ನೊಂದು ಮಾತು: ಸುಕ್ರೋಸ್ ಕೊಟ್ಟಾಗ ಮಗುವಿನ ಮುಖ ಸಡಿಲವಾದರೂ ನೋವಿಗೆ ಮೆದುಳು ತೋರುವ ಪ್ರತಿಕ್ರಿಯೆ ತಗ್ಗಲಿಲ್ಲ ಎಂದು ಲಂಡನ್ ಸಂಶೋಧಕರು 2010ರಲ್ಲಿ ವರದಿ ಮಾಡಿದ್ದಾರೆ. ಆ ಚರ್ಚೆ ಮುಗಿದಿಲ್ಲ. ಅಳು ನಿಂತಿತೆಂದು ನಾಲ್ಕು ಸಲ ಚುಚ್ಚಲು ಇದು ಪರವಾನಗಿಯಲ್ಲ.

ನಮ್ಮಲ್ಲಿ ಇದರ ಬದಲು 25% ಡೆಕ್ಸ್ಟ್ರೋಸ್ (ಗ್ಲುಕೋಸ್) ಹನಿ ಹಾಕುವ ರೂಢಿಯಿದೆ, ಅದೂ ನಡೆಯುತ್ತದೆ. ಆದರೆ ಡೆಕ್ಸ್ಟ್ರೋಸ್ ತಾಗಿದ ಗ್ಲೌಸಿನಲ್ಲೇ ಹಿಮ್ಮಡಿ ಹಿಡಿದು ಗ್ಲುಕೋಮೀಟರ್‌ನಲ್ಲಿ ನೋಡಿದರೆ ಶುಗರ್ ಇರುವುದಕ್ಕಿಂತ ಮೇಲೆ ತೋರಿಸಿ, ನಿಜವಾಗಿ ಕುಸಿದದ್ದು ಮುಚ್ಚಿಹೋಗುತ್ತದೆ. ಗ್ಲೌಸ್ ಬದಲಿಸಿ. ಜೇನುತುಪ್ಪವಂತೂ ಒಂದು ವರ್ಷದವರೆಗೆ ಬೇಡವೇ ಬೇಡ, ಬಾಟುಲಿಸಂ ಎಂಬ, ಸ್ನಾಯುಗಳನ್ನು ಬಲಗುಂದಿಸುವ ಕಾಯಿಲೆಯ ಅಪಾಯವಿದೆ. ಮರಗಟ್ಟಿಸುವ ಎಮ್ಲಾ ಕ್ರೀಮ್ ಹಿಮ್ಮಡಿಯಲ್ಲಿ ಕೆಲಸ ಮಾಡುವುದಿಲ್ಲ. ಪ್ಯಾರಾಸಿಟಮಾಲ್ ಕೂಡ ಈ ನೋವಿಗೆ ಆಗದು.

ಅಮ್ಮ ಪಕ್ಕದಲ್ಲಿದ್ದರೆ ಕಪ್ಪನ್ನು ಕಪಾಟಿನಲ್ಲೇ ಬಿಡಿ. ಮಗುವನ್ನು ಎದೆಗೆ ಹಾಕಿ, ಚೆನ್ನಾಗಿ ಕಚ್ಚಿ ಚೀಪತೊಡಗಿ ಎರಡು ನಿಮಿಷವಾದ ಮೇಲೆ ಚುಚ್ಚಿ, ಚೀಪುವುದು ನಿಲ್ಲದಿರಲಿ. ಮುಂಚಿನ ಹತ್ತು-ಹದಿನೈದು ನಿಮಿಷ ಮೈಗೆ ಮೈ ತಾಗಿಸಿಕೊಂಡಿದ್ದರೆ ಇನ್ನೂ ಒಳ್ಳೆಯದು. "ಹಾಲು ಶ್ವಾಸನಾಳಕ್ಕೆ ಹೋದೀತು" ಎಂದು ತಡೆಯುವ ಸಿಸ್ಟರ್‌ಗಳಿದ್ದಾರೆ; ಆರೋಗ್ಯವಾಗಿರುವ, ದಿನ ತುಂಬಿದ ಮಗುವಿನಲ್ಲಿ ಆ ಭಯಕ್ಕೆ ಆಧಾರವಿಲ್ಲ. ತಾಯಿ ಹತ್ತಿರವಿಲ್ಲದ ಎನ್‌ಐಸಿಯುವಿನಲ್ಲಿ, ದಿನ ಮುಂಚೆ ಹುಟ್ಟಿದ ಕೂಸುಗಳ ಕಣ್ಣಿನ ರೆಟಿನಾ ತಪಾಸಣೆಯಲ್ಲಿ ಸಕ್ಕರೆ ಹನಿಗೆ ಸ್ಥಾನವಿದೆ, ಆದರೆ ಕಣ್ಣಿನ ತಪಾಸಣೆಗೆ ಅದೊಂದೇ ಸಾಲದು. ಮರಗಟ್ಟಿಸುವ ಕಣ್ಣಿನ ಹನಿ, ಕೈಕಾಲು ಮಡಚಿ ಹಿಡಿಯುವುದು, ಎರಡೂ ಜೊತೆಗಿರಬೇಕು.

ಕೆಲಸವಾದ ಮೇಲೆ ಒಣ ಗಾಜ್‌ನಿಂದ ರಕ್ತ ನಿಲ್ಲುವವರೆಗೆ ಒತ್ತಿ ಹಿಡಿಯಿರಿ. ಬ್ಯಾಂಡ್-ಏಡ್ ಅಂಟಿಸಬೇಡಿ. ತೆಗೆಯುವಾಗ ಎಳೆಯ ಚರ್ಮ ಕಿತ್ತು ಬರುತ್ತದೆ, ಕಳಚಿಕೊಂಡರೆ ಮಗುವಿನ ಬಾಯಿ ಸೇರಬಹುದು.