ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರ್ ನೋಡೋಕೆ ಹೋಗ್ತಿದ್ದೀರಾ? ಎಂಜಿನ್ ಮೊದಲೇ ಬಿಸಿ ಇದ್ದರೆ ಹುಷಾರು

ಖುಷಿಗೆ ಓಡಿಸೋಕೆ ಅಂತ ಹಳೇ ಸ್ಪೋರ್ಟ್ಸ್ ಕಾರ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನೀವು ಹೋಗುವ ಹೊತ್ತಿಗೆ ಎಂಜಿನ್ ಬಿಸಿಯಾಗಿದ್ದರೆ, ಟೆಸ್ಟ್ ಡ್ರೈವ್ ಎಷ್ಟೇ ಚೆನ್ನಾಗಿ ಆದರೂ ಅದನ್ನು ನಂಬಬೇಡಿ. ನನಗೆ ಆಗಿದ್ದು ಇನ್ನೊಬ್ಬರಿಗೆ ಆಗಬಾರದು ಅಂತಲೇ ಬರೆಯುತ್ತಿದ್ದೇನೆ.

ನಾನು ಕೊಂಡದ್ದು ನಾಲ್ಕು ಸಿಲಿಂಡರಿನ ಟರ್ಬೊ ಕಾರು, ಮ್ಯಾನುಯಲ್ ಗೇರ್. ಸರ್ವಿಸ್ ದಾಖಲೆ ಇತ್ತು, ಬಣ್ಣ ಚೆನ್ನಾಗಿತ್ತು, ಸೀಟು ಕೂಡ ಹರಿದಿರಲಿಲ್ಲ. "ಕಂಪನಿಯಿಂದ ಬಂದ ಹಾಗೇ ಇದೆ ಸರ್, ಒಂದು ಬೋಲ್ಟೂ ಬದಲಾಗಿಲ್ಲ" ಅಂದರು ಮಾರುವವರು. ಬಾನೆಟ್ ಬಿಸಿಯಾಗಿತ್ತು. ಕೇಳಿದ್ದಕ್ಕೆ "ಈಗಷ್ಟೇ ತೊಳೆಸ್ಕೊಂಡು ಬಂದೆ" ಅಂದರು. ಓಡಿಸಿದಾಗ ಎಳೆತ ಚೆನ್ನಾಗಿತ್ತು, ಗೇರ್ ಸಲೀಸಾಗಿ ಬೀಳುತ್ತಿತ್ತು. ಸ್ಕ್ಯಾನರ್ ಹಾಕಿ ನೋಡಿದರೆ ಒಂದೇ ಒಂದು ದೋಷದ ಕೋಡ್ ಇಲ್ಲ.

ವಾರದೊಳಗೆ ನಿಜ ಹೊರಬಂತು. ರಾತ್ರಿಯಿಡೀ ನಿಂತ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಕುಂಟುತ್ತಿತ್ತು, ಹಿಂದಿನಿಂದ ನೀಲಿ ಹೊಗೆ, ಅಂದರೆ ಆಯಿಲ್ ಉರಿಯುತ್ತಿದೆ. ಸ್ವಲ್ಪ ಬಿಸಿಯಾದ ಮೇಲೆ ಎರಡೂ ಮಾಯ. ಆಮೇಲೆ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತು. ಕೋಡ್ ಪಿ0304, ಅಂದರೆ ನಾಲ್ಕನೇ ಸಿಲಿಂಡರಿನಲ್ಲಿ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ).

ಮೆಕ್ಯಾನಿಕ್ ಕಂಪ್ರೆಶನ್, ಅಂದರೆ ಪ್ರತಿ ಸಿಲಿಂಡರಿನೊಳಗೆ ಎಷ್ಟು ಒತ್ತಡ ಬರುತ್ತದೆ ಅಂತ ನೋಡಿದರು. ಮೂರು ಸಿಲಿಂಡರುಗಳಲ್ಲಿ 160 ಪಿಎಸ್‌ಐ ಆಸುಪಾಸು ಬಂತು, ನಾಲ್ಕನೆಯದರಲ್ಲಿ 85. ಆಮೇಲೆ ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಆ ಸಿಲಿಂಡರಿಗೆ ಗಾಳಿ ತುಂಬಿಸಿ, ಆಯಿಲ್ ಹಾಕುವ ಮುಚ್ಚಳ ತೆಗೆದು "ಇಲ್ಲಿ ಕಿವಿ ಇಡಿ" ಅಂದರು. ಒಳಗಿಂದ ಬುಸ್ ಅನ್ನೋ ಸದ್ದು. ಗಾಳಿ ವಾಲ್ವ್ ದಾಟಿ ಹೋಗುತ್ತಿದ್ದರೆ ಆ ಸದ್ದು ಎಕ್ಸಾಸ್ಟ್‌ನಲ್ಲೋ ಇಂಟೇಕ್‌ನಲ್ಲೋ ಕೇಳಬೇಕಿತ್ತು. ಇಲ್ಲಿ ಕೇಳಿತು ಅಂದರೆ ಪಿಸ್ಟನ್ ದಾಟಿ ಕೆಳಗಿಳಿಯುತ್ತಿದೆ ಅಂತ ಅರ್ಥ. ಬಿಚ್ಚಿದಾಗ ಪಿಸ್ಟನ್ ರಿಂಗುಗಳ ನಡುವಿನ ಅಂಚು ಮುರಿದಿತ್ತು. ರಿಪೇರಿ ಅಂದಾಜು ಕಾರಿನ ಬೆಲೆಯ ಅರ್ಧಕ್ಕೂ ಜಾಸ್ತಿ.

ಟರ್ಬೊ ಕಾರಿನಲ್ಲಿ ಇದು ಹೊಸದೇನಲ್ಲ. ಹೆಚ್ಚು ಶಕ್ತಿ ಬರಲಿ ಅಂತ ಎಂಜಿನ್ ಕಂಪ್ಯೂಟರಿನ ಮ್ಯಾಪ್ (ಎಂಜಿನ್ ಹೇಗೆ ಓಡಬೇಕು ಅನ್ನೋ ಸೆಟ್ಟಿಂಗ್) ಬದಲಿಸಿ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿಸುತ್ತಾರೆ. ಟ್ಯೂನಿಂಗ್ ಸರಿಯಿಲ್ಲದಿದ್ದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಉರಿದು ನಾಕಿಂಗ್ ಆಗುತ್ತದೆ. ಆ ಪೆಟ್ಟು ನೇರ ಬೀಳುವುದು ಪಿಸ್ಟನ್ ಅಂಚಿನ ಮೇಲೆ. ನನ್ನ ಕಾರಿನಲ್ಲೂ ಗುರುತುಗಳಿದ್ದವು. ಇಂಟೇಕ್ ಪೈಪಿನ ಮೇಲೆ ಬೇರೆ ಅಳತೆಯ ಕ್ಲ್ಯಾಂಪ್ ಕೂತ ಗೆರೆ, ಸುತ್ತಲೂ ಧೂಳು ಹಿಡಿದ ಬೋಲ್ಟುಗಳ ನಡುವೆ ಕೆಲವಕ್ಕೆ ಮಾತ್ರ ಹೊಸ ಸ್ಪ್ಯಾನರ್ ಗಾಯ. ಮಾರುವ ಮೊದಲು ಕಂಪನಿಯ ಮೂಲ ಪಾರ್ಟ್‌ಗಳನ್ನು ವಾಪಸ್ ಹಾಕಿದ್ದರು ಅನ್ನೋದು ಮೆಕ್ಯಾನಿಕ್ ಅಭಿಪ್ರಾಯ. ನನ್ನದೂ ಅದೇ. ಮಾರಿದವರು ಆಮೇಲೆ ಫೋನ್ ಎತ್ತಲಿಲ್ಲ.

ಹಾಗಾದರೆ ಸ್ಕ್ಯಾನರ್ ಯಾಕೆ ಏನೂ ಹೇಳಲಿಲ್ಲ? ಇದನ್ನು ಚೆನ್ನಾಗಿ ಗಮನಿಸಿ. ಕೋಡ್ ಅಳಿಸೋಕೆ ಒಂದು ಬಟನ್ ಸಾಕು. ಆದರೆ ಅಳಿಸಿದಾಗ ಕಾರಿನ ಸ್ವಯಂ ತಪಾಸಣೆಗಳೂ ಮೊದಲಿನಿಂದ ಶುರುವಾಗಬೇಕು. ಸ್ಕ್ಯಾನರಿನಲ್ಲಿ ರೆಡಿನೆಸ್ ಅನ್ನೋ ಪುಟ ಇರುತ್ತದೆ. ಅಲ್ಲಿ ಕ್ಯಾಟಲಿಸ್ಟ್ (ಹೊಗೆ ಶುದ್ಧಿ ಮಾಡುವ ಭಾಗ), ಆಕ್ಸಿಜನ್ ಸೆನ್ಸರ್, ಇವ್ಯಾಪ್ (ಪೆಟ್ರೋಲ್ ಆವಿ ಹೊರಹೋಗದಂತೆ ತಡೆಯುವ ವ್ಯವಸ್ಥೆ) ಮುಂದೆ "ಪೂರ್ಣವಾಗಿಲ್ಲ" ಅಂತ ಇದ್ದರೆ, ಇತ್ತೀಚೆಗೆ ಯಾರೋ ಕೋಡ್ ಅಳಿಸಿರಬಹುದು ಅಥವಾ ಬ್ಯಾಟರಿ ತೆಗೆದಿರಬಹುದು. ಅವು ಪೂರ್ಣವಾಗಲು ಕೆಲವು ದಿನ ಬೇರೆಬೇರೆ ವೇಗದಲ್ಲಿ ಓಡಬೇಕು. ಅನೇಕ ಕಾರುಗಳು "ಕೋಡ್ ಅಳಿಸಿದ ಮೇಲೆ ಓಡಿದ ದೂರ"ವನ್ನೂ ತೋರಿಸುತ್ತವೆ. ವರ್ಷಗಟ್ಟಲೆ ತೊಂದರೆಯೇ ಇಲ್ಲ ಅಂದ ಕಾರಿನಲ್ಲಿ ಅದು 30 ಕಿ.ಮೀ. ಅಂತಿದ್ದರೆ ಸುಮ್ನೆ ಬಿಡಬೇಡಿ, ಯಾಕೆ ಅಂತ ಕೇಳಿ.

ಸ್ಪೋರ್ಟ್ಸ್ ಕಾರಿಗೆ ಮೀಟರಿನ ಕಿಲೋಮೀಟರ್ ಅಷ್ಟೇನೂ ಮುಖ್ಯವಲ್ಲ ಅನ್ನೋದು ಈಗ ನನ್ನ ಗಟ್ಟಿ ಅಭಿಪ್ರಾಯ. ಹೇಗೆ ಓಡಿಸಿದ್ದಾರೆ ಅನ್ನೋದೇ ಮುಖ್ಯ. ಟೈರಿನ ಹೊರ ಅಂಚು ಮಾತ್ರ ಸವೆದಿದೆಯಾ, ಬ್ರೇಕ್ ಡಿಸ್ಕಿನ ಮೇಲೆ ಕೂದಲೆಳೆಯ ಬಿರುಕುಗಳಿವೆಯಾ ನೋಡಿ. ಇವೆರಡೂ ಟ್ರ್ಯಾಕ್ ಓಟದ ಗುರುತಾಗಿರಬಹುದು. ಮೂರರಿಂದ ಎರಡನೇ ಗೇರಿಗೆ ಇಳಿಸುವಾಗ ಕರಕರ ಸದ್ದು ಬಂದರೆ ಸಿಂಕ್ರೊ (ಗೇರ್ ಸಲೀಸಾಗಿ ಬೀಳುವಂತೆ ಮಾಡುವ ಭಾಗ) ಸವೆದಿದೆ. ಮೇಲಿನ ಗೇರಿನಲ್ಲಿ ಪೂರ್ತಿ ಎಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಇನ್ನು ಎಂಜಿನ್ ಮಿತಿ ಮೀರಿ ತಿರುಗದಂತೆ ತಡೆಯುವ ರೆವ್ ಲಿಮಿಟರ್ ಇದೆಯಲ್ಲ ಅಂತ ಧೈರ್ಯವಾಗಿರಬೇಡಿ. ನಾಲ್ಕಕ್ಕೆ ಇಳಿಸುವ ಬದಲು ಎರಡಕ್ಕೆ ಹಾಕಿದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಲಿಮಿಟರ್ ಏನೂ ಮಾಡಲಾರದು.

ಮಾದರಿಗೊಂದು ಕಾಯಿಲೆ ಇರುತ್ತದೆ. ಮಾಜ್ದಾ ಆರ್‌ಎಕ್ಸ್-8ರ ರೋಟರಿ ಎಂಜಿನ್ನಿಗೆ (ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವ ಎಂಜಿನ್) ಮಾಮೂಲಿ ಕಂಪ್ರೆಶನ್ ಗೇಜ್ ಸಾಲದು, ರೋಟರಿನ ಮೂರೂ ಮುಖಗಳನ್ನು ಬೇರೆಬೇರೆಯಾಗಿ ಅಳೆಯುವ ಉಪಕರಣ ಬೇಕು. 1996ರಲ್ಲಿ ಬಂದ ಮೊದಲ ಪೋರ್ಷೆ ಬಾಕ್ಸ್‌ಸ್ಟರ್‌ನಲ್ಲಿ ಐಎಂಎಸ್ ಬೇರಿಂಗ್ (ಎಂಜಿನ್ ಒಳಗಿನ ಮಧ್ಯಂತರ ಶಾಫ್ಟಿನ ಬೇರಿಂಗ್) ಮುರಿದರೆ ಎಂಜಿನ್ನೇ ಹೋಗುತ್ತದೆ. ಬದಲಿಸಿದ ದಾಖಲೆ ಕೇಳಿ, ಆಯಿಲ್ ಫಿಲ್ಟರ್ ಬಿಚ್ಚಿಸಿ ಲೋಹದ ಚೂರುಗಳಿವೆಯಾ ನೋಡಿಸಿ. ಇ46 ಪೀಳಿಗೆಯ ಬಿಎಂಡಬ್ಲ್ಯೂ ಎಂ3ಯಲ್ಲಿ ಹಿಂದಿನ ಸಬ್‌ಫ್ರೇಮ್ (ಹಿಂದಿನ ಸಸ್ಪೆನ್ಶನ್ ಹೊರುವ ಚೌಕಟ್ಟು) ಕೂರುವ ತಳದ ಶೀಟು ಬಿರಿಯಬಹುದು, ಲಿಫ್ಟ್ ಮೇಲೆ ಎತ್ತದೆ ಕಾಣಲ್ಲ.

ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5ರ ಸಾಲಿನಿಂದ, ಟರ್ಬೊ ಇಲ್ಲದ, ಯಾರೂ ಕೈ ಹಾಕದ ಒಂದು ಕಾರು. ಹಗುರ, ಸರಳ. ಹತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿರುವುದರಿಂದ ಅದರ ಬಗ್ಗೆ ಗೊತ್ತಿರುವವರೂ ಜಾಸ್ತಿ. ತುಕ್ಕು ಮಾತ್ರ ನೋಡಿಕೊಳ್ಳಿ, ಬಾಗಿಲ ಕೆಳಗಿನ ಸಿಲ್ಲುಗಳನ್ನು ಬೆರಳಿನಿಂದ ಒತ್ತಿ ಪರೀಕ್ಷಿಸಿ.

ಯಾವ ಕಾರೇ ಆಗಲಿ, ಹಿಂದಿನ ದಿನವೇ ಫೋನ್ ಮಾಡಿ "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಜಗಳ ಬೇಡ, ಇನ್ನೊಂದು ದಿನ ಬರ್ತೀನಿ ಅನ್ನಿ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ, ನೀವು ಹಿಂದೆ ನಿಂತು ಹೊಗೆಯ ಬಣ್ಣ ನೋಡಿ. ಆಮೇಲೆ ನೀವೇ ಆರಿಸಿದ ಮೆಕ್ಯಾನಿಕ್ ಹತ್ತಿರ ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಇದಕ್ಕೆ ಒಪ್ಪದವರಿಗೆ ಅಡ್ವಾನ್ಸ್ ಕೊಡಬೇಡಿ.