ಹಳೆಯ ಡಿಸ್ಕ್‌ಗಳ ಕೌಂಟರ್ ಉಳಿಯಬೇಕು: ದಾವಣಗೆರೆಯ ವಿಡಿಯೊ ಗೇಮ್ ಮಳಿಗೆಯ ಬಗ್ಗೆ ಬಹುಕಾಲದ ಗ್ರಾಹಕರೊಬ್ಬರ ವಿಮರ್ಶೆ

ದಾವಣಗೆರೆಯ ಪಿ.ಜೆ. ಬಡಾವಣೆಯ ಕಡೆ ಇರುವ ವಿಡಿಯೊ ಗೇಮ್ ಮಳಿಗೆಯೊಂದಕ್ಕೆ ನಾನು ಪ್ಲೇಸ್ಟೇಷನ್ 4ರ ಕಾಲದಿಂದಲೂ ಗ್ರಾಹಕ. (ಪ್ಲೇಸ್ಟೇಷನ್ ಎಂದರೆ ಟಿ.ವಿ.ಗೆ ಜೋಡಿಸಿ ಆಡುವ ಸೋನಿ ಕಂಪನಿಯ ಗೇಮ್ ಯಂತ್ರ, ಅಂದರೆ ಕನ್ಸೋಲ್.) ಬೇರೆ ನಗರಗಳಲ್ಲಿಯೂ ಶಾಖೆಗಳಿರುವ ಸರಣಿಗೆ ಸೇರಿದ ಮಳಿಗೆ ಅದು. ಮೆಚ್ಚುಗೆಯ ಜೊತೆಗೆ ದೂರುಗಳನ್ನೂ ಇಲ್ಲಿ ಬರೆಯಬೇಕಿರುವುದರಿಂದ ಅದರ ಹೆಸರನ್ನು ಹಾಕುತ್ತಿಲ್ಲ. ಇಷ್ಟು ವರ್ಷಗಳ ವ್ಯವಹಾರದ ನಂತರ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಮಳಿಗೆಯ ಬಲವೆಲ್ಲ ಇರುವುದು ಹಿಂಭಾಗದ ಗೋಡೆಗೆ ಒತ್ತಿಕೊಂಡಿರುವ ಹಳೆಯ ಡಿಸ್ಕ್‌ಗಳ ಕೌಂಟರ್‌ನಲ್ಲಿ, ಮತ್ತು ಸರಣಿಯ ಆಡಳಿತವು ಇತ್ತೀಚೆಗೆ ಅತಿ ಹೆಚ್ಚು ಕಡೆಗಣಿಸುತ್ತಿರುವುದೂ ಅದನ್ನೇ.

ಆ ಕೌಂಟರ್ ಏಕೆ ಮುಖ್ಯ ಎಂಬುದನ್ನು ಬೆಲೆಯಿಂದಲೇ ಹೇಳಬಹುದು. ಪ್ಲೇಸ್ಟೇಷನ್ 5 ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದಾಗ ಅದರ ದೊಡ್ಡ ಆಟಗಳ ಡಿಸ್ಕ್‌ಗೆ 4,999 ರೂಪಾಯಿಯವರೆಗೆ ಬೆಲೆಯಿತ್ತು. ಸಂಬಳದಲ್ಲಿ ಮನೆ ಬಾಡಿಗೆ, ಮಕ್ಕಳ ಫೀಸು, ರೇಷನ್ ಎಲ್ಲವನ್ನೂ ತೂಗಿಸುವ ಮನೆಯಲ್ಲಿ ಒಂದು ಆಟಕ್ಕೆ ಐದು ಸಾವಿರ ತೆಗೆದಿಡುವುದು ಸಣ್ಣ ಮಾತಲ್ಲ. ಅದೇ ಆಟವನ್ನು ಆನ್‌ಲೈನ್‌ನಲ್ಲಿ ಡೌನ್‌ಲೋಡ್ ಮಾಡಿಕೊಂಡರೆ ಅದು ನಮ್ಮ ಖಾತೆಗೆ ಅಂಟಿಕೊಂಡು ಕುಳಿತುಬಿಡುತ್ತದೆ. ಮುಗಿಸಿದ ಮೇಲೆ ಮಾರುವಂತಿಲ್ಲ, ಪಕ್ಕದ ಮನೆಯ ಹುಡುಗನಿಗೆ ನಾಲ್ಕು ದಿನ ಕೊಟ್ಟು ಕಳಿಸುವಂತಿಲ್ಲ. ಡಿಸ್ಕ್ ಹಾಗಲ್ಲ. ಆಡಿ ಮುಗಿಸಿದ ಆಟವನ್ನು ಈ ಮಳಿಗೆಗೆ ಒಯ್ದು ಕೊಟ್ಟರೆ, ಅದು ಹೊಸದಾಗಿದ್ದ ಪಕ್ಷದಲ್ಲಿ ಕೊಂಡ ಬೆಲೆಯ ಅರ್ಧದ ಆಸುಪಾಸಿನಷ್ಟು ಮೊತ್ತ ಮುಂದಿನ ಖರೀದಿಗೆ ಜಮೆಯಾಗುತ್ತದೆ. ನನ್ನ ಕಪಾಟಿನಲ್ಲಿ ಇಂದು ಇರುವ ಆಟಗಳಲ್ಲಿ ಹೆಚ್ಚಿನವು ಹೀಗೆ ಒಂದರಿಂದ ಒಂದು ಹುಟ್ಟಿಕೊಂಡವು. ಹರಿಹರ, ಹೊನ್ನಾಳಿ, ಜಗಳೂರು, ಚಿತ್ರದುರ್ಗದಿಂದ ಬಸ್ಸಿನಲ್ಲಿ ಬರುವ ಕಾಲೇಜು ಹುಡುಗರು ಹೊಸ ಆಟಗಳ ಶೆಲ್ಫ್‌ನತ್ತ ಒಮ್ಮೆ ನೋಡಿ ನೇರವಾಗಿ ಹಿಂದಿನ ಕೌಂಟರ್‌ಗೆ ನಡೆಯುವುದೂ ಇದೇ ಕಾರಣಕ್ಕೆ.

ಆ ಕೌಂಟರ್‌ನಲ್ಲಿ ಡಿಸ್ಕ್ ಪರೀಕ್ಷಿಸುವ ಕ್ರಮವನ್ನು ನಾನು ಬಹಳ ಸಲ ಹತ್ತಿರದಿಂದ ನೋಡಿದ್ದೇನೆ ಮತ್ತು ಅದರ ಬಗ್ಗೆ ನನಗೆ ನಿಜವಾದ ಗೌರವವಿದೆ. ಅಲ್ಲಿನ ಹಿರಿಯ ಸಿಬ್ಬಂದಿ ಡಿಸ್ಕ್‌ನ ಹೊಳೆಯುವ ಮೈಯನ್ನು ಬೆರಳಿನಿಂದ ಮುಟ್ಟುವುದೇ ಇಲ್ಲ. ನಡುವಿನ ರಂಧ್ರಕ್ಕೆ ತೋರುಬೆರಳು ಕೊಟ್ಟು, ಅಂಚನ್ನು ಹೆಬ್ಬೆರಳಿನಲ್ಲಿ ಹಿಡಿದು, ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಓರೆಯಾಗಿ ಬೀಳುವಂತೆ ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾರೆ. ಒಳಸುತ್ತಿನ ಪಾರದರ್ಶಕ ಉಂಗುರದಲ್ಲಿ ಕೂದಲೆಳೆಯ ಸೀಳು ಇದೆಯೇ ಎಂದು ಮೊದಲು ನೋಡುತ್ತಾರೆ, ಏಕೆಂದರೆ ಡ್ರೈವ್ ವೇಗವಾಗಿ ತಿರುಗಿಸುವಾಗ ಆ ಸೀಳು ಹೊರಗಡೆಗೆ ಹರಿದು ಬೆಳೆಯುತ್ತದೆ. ಆಮೇಲೆ ಗೀರುಗಳ ಸರದಿ. ಪ್ಲೇಸ್ಟೇಷನ್ 2ರ ಹೆಚ್ಚಿನ ಆಟಗಳು ಡಿವಿಡಿಯಲ್ಲಿ ಬರುತ್ತಿದ್ದವು. ಡಿವಿಡಿಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ ಸುಮಾರು 0.6 ಮಿಲಿಮೀಟರ್ ಒಳಗಿರುವುದರಿಂದ ಗೀರು ಬಿದ್ದ ಮೈಯನ್ನು ಪಾಲಿಶ್ ಯಂತ್ರದಲ್ಲಿ ತೀಡಿ ಮತ್ತೆ ಓಡುವಂತೆ ಮಾಡಬಹುದಿತ್ತು. ಪ್ಲೇಸ್ಟೇಷನ್ 3ರಿಂದ ಈಚೆಗೆ ಬಂದ ಬ್ಲೂ-ರೇ ಡಿಸ್ಕ್‌ನಲ್ಲಿ ಆ ಪದರ ಮೇಲ್ಮೈಯಿಂದ ಕೇವಲ 0.1 ಮಿಲಿಮೀಟರ್ ಆಳದಲ್ಲಿದೆ. ಅದರ ಮೇಲೆ ಗಟ್ಟಿಯಾದ ರಕ್ಷಣಾ ಲೇಪನವಿರುವುದರಿಂದ ಸಣ್ಣಪುಟ್ಟ ಉಜ್ಜುಗುರುತುಗಳು ಬೀಳುವುದು ಕಡಿಮೆ, ಆದರೆ ಆಳವಾದ ಗೀರು ಬಿದ್ದರೆ ತೀಡಿ ಸರಿಪಡಿಸಲು ಅಲ್ಲಿ ದಪ್ಪವೇ ಉಳಿದಿರುವುದಿಲ್ಲ. ಆದ್ದರಿಂದಲೇ ಅವರು ಉಗುರಿಗೆ ಸಿಗುವಂಥ ಗೀರಿರುವ ಡಿಸ್ಕನ್ನು ಯಾವ ಬೆಲೆಗೂ ತೆಗೆದುಕೊಳ್ಳುವುದಿಲ್ಲ. ಕೊನೆಗೆ ಅಂಗಡಿಯ ಕನ್ಸೋಲ್‌ಗೆ ಹಾಕಿ, ಇನ್‌ಸ್ಟಾಲ್ ಆರಂಭವಾಗಿ ಒಂದಿಷ್ಟು ಮುಂದೆ ಸಾಗುವವರೆಗೆ ಕಾಯುತ್ತಾರೆ. ಹಿಂದೆ ಹತ್ತು ಜನ ನಿಂತಿದ್ದರೂ ಈ ಕ್ರಮವನ್ನು ಮೊಟಕುಗೊಳಿಸಿದ್ದನ್ನು ನಾನು ಕಂಡಿಲ್ಲ. ಅಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಡಿಸ್ಕ್ ಮನೆಯಲ್ಲಿ ಓಡದೆ ನಾನು ಮರಳಿ ಹೋಗಬೇಕಾದ ಪ್ರಸಂಗ ಬರದೇ ಇರುವುದಕ್ಕೆ ಇದೇ ಕಾರಣವೆಂದು ನಂಬಿದ್ದೇನೆ.

ಡಿಸ್ಕ್ ಯಾವ ಪ್ರದೇಶದ್ದು, ಅಂದರೆ ಯಾವ ದೇಶಗಳ ಮಾರುಕಟ್ಟೆಗೆಂದು ತಯಾರಾದದ್ದು ಎಂಬುದನ್ನು ನೋಡುವುದರಲ್ಲಿಯೂ ಇದೇ ಶ್ರದ್ಧೆ ಇದೆ. ಗಲ್ಫ್‌ನಲ್ಲಿ ದುಡಿಯುವ ಬಂಧುಗಳು ರಜೆಗೆ ಬರುವಾಗ ತಂದುಕೊಟ್ಟ ಆಟಗಳು ನಮ್ಮ ಕಡೆ ಅನೇಕ ಮನೆಗಳಲ್ಲಿವೆ. ಪ್ಲೇಸ್ಟೇಷನ್ 4 ಮತ್ತು 5ರ ಡಿಸ್ಕ್‌ಗಳು ಯಾವ ದೇಶದ ಕನ್ಸೋಲ್‌ನಲ್ಲಾದರೂ ಓಡುತ್ತವೆ ಎಂಬುದು ನಿಜ. ಆದರೆ ಅದೇ ಆಟಕ್ಕೆ ಆಮೇಲೆ ಆನ್‌ಲೈನ್‌ನಲ್ಲಿ ಕೊಳ್ಳುವ ಹೆಚ್ಚುವರಿ ಭಾಗಗಳು ಡಿಸ್ಕ್‌ನ ಪ್ರದೇಶಕ್ಕೆ ಹೊಂದದಿದ್ದರೆ ಹಣ ಕೊಟ್ಟರೂ ತೆರೆದುಕೊಳ್ಳುವುದಿಲ್ಲ. ಸಿಬ್ಬಂದಿ ಡಬ್ಬಿಯ ಬೆನ್ನಿನ ಮೇಲೂ ಡಿಸ್ಕ್‌ನ ಮೇಲೂ ಮುದ್ರಿಸಿರುವ ಸಂಖ್ಯೆಯನ್ನು ತಾಳೆ ನೋಡಿ, ಅಂಥ ತೊಡಕಿರುವ ಡಿಸ್ಕ್‌ಗೆ ಪ್ರತ್ಯೇಕ ಚೀಟಿ ಅಂಟಿಸಿ ಕಡಿಮೆ ಬೆಲೆಗೆ ಇಡುತ್ತಾರೆ. ಇದನ್ನು ಮುಚ್ಚಿಟ್ಟು ಮಾರುವುದು ಬಹಳ ಸುಲಭವಾಗಿತ್ತು.

ಮಕ್ಕಳಿಗೆ ಆಟ ಕೊಡಿಸಲು ಬರುವ ಪೋಷಕರೊಡನೆ ಅವರು ನಡೆದುಕೊಳ್ಳುವ ರೀತಿಯನ್ನೂ ಹೇಳಲೇಬೇಕು. ಇಲ್ಲಿ ಸಿಗುವ ಡಬ್ಬಿಗಳ ಮೇಲೆ ಸಾಮಾನ್ಯವಾಗಿ ಯೂರೋಪಿನ ವಯೋಮಿತಿಯ ಗುರುತು ಇರುತ್ತದೆ: 3, 7, 12, 16, 18. ಆದರೆ ಆ ಅಂಕಿಯ ಅರ್ಥ ಎಲ್ಲ ತಂದೆತಾಯಂದಿರಿಗೂ ಗೊತ್ತಿರುವುದಿಲ್ಲ. ಒಮ್ಮೆ ಹೊನ್ನಾಳಿ ಕಡೆಯ ಹಿರಿಯರೊಬ್ಬರು ಮೊಮ್ಮಗನ ಕೈ ಹಿಡಿದುಕೊಂಡು ಬಂದು, ಹುಡುಗ ತೋರಿಸಿದ ಡಬ್ಬಿಯನ್ನು ಎತ್ತಿಕೊಂಡು, “ಏನ್ ತಮ್ಮಾ, ಇದ್ರಾಗೆ ಬರೀ ಕಾರು ಓಡ್ಸೋದು ಐತಾ?” ಎಂದು ಕೇಳಿದರು. ಕೌಂಟರ್‌ನಲ್ಲಿದ್ದ ಯುವಕ, “ಇಲ್ಲ ಅಜ್ಜಾರೆ, ಇದು ಹದಿನೆಂಟು ದಾಟಿದೋರಿಗೆ. ಹೊಡೆದಾಟ, ಬೈಗುಳ ಎಲ್ಲಾ ಇರ್ತಾವೆ. ಕಾರಿನ ಆಟ ಬೇಕಂದ್ರೆ ಬೇರೆ ಕೊಡ್ತೀನಿ, ಇದಕ್ಕಿಂತ ಕಡಿಮೆಗೂ ಐತೆ” ಎಂದ. ಹುಡುಗನ ಮುಖ ಸಪ್ಪಗಾಯಿತು, ಅಂಗಡಿಗೆ ಬರಬೇಕಿದ್ದ ಹಣವೂ ಕಡಿಮೆಯಾಯಿತು. ಹಾಗಿದ್ದರೂ ಹೇಳಬೇಕಾದುದನ್ನು ಹೇಳಿ ಮಾರಿದ. ಬೆರಳ ತುದಿಯಲ್ಲಿ ಒತ್ತಿ ತರಿಸಿಕೊಳ್ಳುವ ಯಾವ ಆನ್‌ಲೈನ್ ತಾಣದಲ್ಲಿಯೂ ಈ ಮಾತು ಹೇಳುವವರು ನನಗೆ ಸಿಕ್ಕಿಲ್ಲ.

ಇನ್ನು ದೂರುಗಳು. ಪ್ಲೇಸ್ಟೇಷನ್ 5 ಭಾರತದಲ್ಲಿ 2021ರ ಫೆಬ್ರವರಿ 2ರಂದು ಬಿಡುಗಡೆಯಾಯಿತು; ಡಿಸ್ಕ್ ಡ್ರೈವ್ ಇರುವ ಮಾದರಿಗೆ ಬೆಲೆ 49,990 ರೂಪಾಯಿ. ಜಗತ್ತಿನಾದ್ಯಂತ ಚಿಪ್‌ಗಳ ಕೊರತೆಯಿದ್ದ ಕಾಲವಾದ್ದರಿಂದ ಕನ್ಸೋಲ್ ಬೇಕೆನ್ನುವವರಿಗೆಲ್ಲ ಸಿಗಲಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ಕೊರತೆಯನ್ನು ಈ ಸರಣಿ ಬಳಸಿಕೊಂಡ ರೀತಿಯನ್ನು ಒಪ್ಪಲಾರೆ. ಮುಂಗಡ ಕೊಟ್ಟು ತಿಂಗಳುಗಟ್ಟಲೆ ಕಾದ ನನಗೆ, ಸರಕು ಬಂದ ಮೇಲೆ ಇನ್ನೊಂದು ಕಂಟ್ರೋಲರ್ (ಕೈಯಲ್ಲಿ ಹಿಡಿದು ಆಡುವ ಸಾಧನ), ಚಾರ್ಜಿಂಗ್ ಸ್ಟ್ಯಾಂಡ್ ಮತ್ತು ನಾನು ಕೇಳಿರದ ಆಟಗಳನ್ನು ಸೇರಿಸಿ ತೆಗೆದುಕೊಂಡರೆ ಮಾತ್ರ ಕನ್ಸೋಲ್ ಕೊಡುವುದಾಗಿ ಹೇಳಲಾಯಿತು. ಶಾಖೆಯವರು ಮುಜುಗರಪಡುತ್ತಲೇ “ಮೇಲಿನಿಂದ ಬಂದ ಆದೇಶ ಸರ್” ಎಂದರು. ಒಂದು ವಸ್ತುವನ್ನು ಕೊಡಲು ಇನ್ನೊಂದನ್ನು ಕೊಳ್ಳಲೇಬೇಕೆಂದು ಷರತ್ತು ಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ನಿರ್ಬಂಧಕ ವ್ಯಾಪಾರ ಪದ್ಧತಿ ಎಂದೇ ಹೆಸರಿಸಿದೆ. ನಾನು ಅದನ್ನು ತಿಳಿಸಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದಾಗಿ ಹೇಳಿದ ಮೇಲೆ, ಮರುದಿನ ಕನ್ಸೋಲ್ ಒಂದನ್ನೇ ಬಿಲ್ ಮಾಡಿ ಕೊಟ್ಟರು. ನನ್ನ ಹಿಂದೆ ನಿಂತಿದ್ದವರಲ್ಲಿ ಎಷ್ಟೋ ಜನ ಮಾತಾಡದೆ ಪೂರ್ತಿ ಗಂಟನ್ನೇ ಹೊತ್ತುಕೊಂಡು ಹೋದರು ಎಂಬುದು ನನಗೆ ಇಂದಿಗೂ ಬೇಸರದ ಸಂಗತಿ. ಬೇಡಿಕೆ ಹೆಚ್ಚಿರುವ ವಸ್ತು ಇನ್ನು ಮುಂದೆಯೂ ಬರುತ್ತದೆ. ಈ ಷರತ್ತನ್ನು ಯಾರೂ ಸುಮ್ಮನೆ ಒಪ್ಪಿಕೊಳ್ಳಬಾರದು.

ಮಾರಾಟದ ನಂತರದ ಸೇವೆ ಸಾಧಾರಣ. ಕಂಟ್ರೋಲರ್‌ನ ಅನಲಾಗ್ ಕಡ್ಡಿಯೊಳಗೆ ಅದರ ಚಲನೆಯನ್ನು ಅಳೆಯುವ ಸಣ್ಣ ಪೊಟೆನ್ಶಿಯೊಮೀಟರ್ ಸವೆದಾಗ, ಬೆರಳು ತಾಗಿಸದಿದ್ದರೂ ಪರದೆಯ ಮೇಲಿನ ಪಾತ್ರ ತಾನಾಗಿ ಒಂದು ಕಡೆಗೆ ಸರಿಯತೊಡಗುತ್ತದೆ. ಆಡುವವರು ಇದಕ್ಕೆ ಡ್ರಿಫ್ಟ್ ಎನ್ನುತ್ತಾರೆ. ಇಂಥ ದೋಷ ಹೊತ್ತು ಹೋದರೆ ಮಳಿಗೆಯವರು ಕಂಪನಿಯ ಸರ್ವಿಸ್ ಸೆಂಟರ್‌ನ ವಿಳಾಸ ಬರೆದುಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಕನಿಷ್ಠ ಪಕ್ಷ ವಾರಂಟಿ ಅವಧಿಯಲ್ಲಾದರೂ ಅವರೇ ತೆಗೆದುಕೊಂಡು ಕಳಿಸಿ ತರಿಸಿಕೊಡಬಹುದಿತ್ತು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡಿರುವುದು ಮಳಿಗೆಯ ಒಳಗಿನ ಬದಲಾವಣೆ. ಮೊದಲು ಎರಡು ಗೋಡೆಗಳ ತುಂಬ ಪ್ಲೇಸ್ಟೇಷನ್ ಆಟಗಳ ನೀಲಿ ಡಬ್ಬಿಗಳೂ ಎಕ್ಸ್‌ಬಾಕ್ಸ್ ಆಟಗಳ ಹಸಿರು ಡಬ್ಬಿಗಳೂ ಇದ್ದ ಜಾಗದಲ್ಲಿ ಈಗ ಬಣ್ಣದ ದೀಪ ಮಿನುಗುವ ಕೀಬೋರ್ಡ್‌ಗಳು, ಹೆಡ್‌ಸೆಟ್‌ಗಳು, ಗೇಮಿಂಗ್ ಕುರ್ಚಿಗಳು ಬಂದು ಕುಳಿತಿವೆ. ಇದರಲ್ಲಿ ಸರಣಿಯ ತಪ್ಪು ಮಾತ್ರ ಇಲ್ಲ. ತಯಾರಕರೇ ಡಿಸ್ಕ್‌ನಿಂದ ದೂರ ಸರಿಯುತ್ತಿದ್ದಾರೆ. ಮೈಕ್ರೋಸಾಫ್ಟ್‌ನ ಕನ್ಸೋಲ್ ಆದ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಡಿಸ್ಕ್ ಡ್ರೈವ್ ಇಲ್ಲ. 2024ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೊ ಮಾದರಿಯಲ್ಲಿ ಡ್ರೈವನ್ನು ಬೇರೆಯಾಗಿ ಕೊಂಡು ಜೋಡಿಸಿಕೊಳ್ಳಬೇಕು. ಬ್ರಿಟನ್‌ನಲ್ಲಿ ಊರೂರಿನ ಪೇಟೆಬೀದಿಯಲ್ಲಿದ್ದ ಗೇಮ್ ಎಂಬ ಹೆಸರಾಂತ ಸರಣಿಯೇ 2024ರಲ್ಲಿ ಗ್ರಾಹಕರಿಂದ ಹಳೆಯ ಆಟಗಳನ್ನು ಕೊಳ್ಳುವುದನ್ನು ನಿಲ್ಲಿಸಿತು. ನಮ್ಮ ಸರಣಿಯೂ ಅದೇ ದಾರಿ ಹಿಡಿಯುವ ಲಕ್ಷಣಗಳು ಕಾಣುತ್ತಿವೆ: ಹಳೆಯ ಡಿಸ್ಕ್‌ಗೆ ನಗದು ಕೊಡುವುದನ್ನು ಕೈಬಿಟ್ಟಿದ್ದಾರೆ, ಅಂಗಡಿಯ ಜಮೆ ಮಾತ್ರ ಉಳಿದಿದೆ, ಆ ಜಮೆಗೂ ಈಗ ಅವಧಿಯ ಮಿತಿ ಹಾಕಿದ್ದಾರೆ.

ದೊಡ್ಡ ನಗರಗಳಲ್ಲಿ ಕುಳಿತು ಲೆಕ್ಕ ಹಾಕುವವರಿಗೆ ಇದು ಸಹಜವೆನಿಸಬಹುದು. ನಮ್ಮಲ್ಲಿನ ಪರಿಸ್ಥಿತಿ ಬೇರೆ. ಪ್ಲೇಸ್ಟೇಷನ್ 5ರ ಒಂದು ಡಿಸ್ಕ್ 100 ಗಿಗಾಬೈಟ್‌ವರೆಗೆ ಮಾಹಿತಿ ಹಿಡಿಯಬಲ್ಲದು, ಕೆಲವು ಆಟಗಳು ಆ ಗಾತ್ರವನ್ನೂ ಮುಟ್ಟುತ್ತವೆ. ಮನೆಗೆ ಫೈಬರ್ ಸಂಪರ್ಕವಿಲ್ಲದೆ ಮೊಬೈಲ್‌ನ ದಿನದ ಡೇಟಾ ಮಿತಿಯನ್ನೇ ನೆಚ್ಚಿಕೊಂಡಿರುವ ಹಳ್ಳಿಯ ಹುಡುಗನಿಗೆ ಅಷ್ಟನ್ನು ಇಳಿಸಿಕೊಳ್ಳಲು ವಾರಗಳೇ ಬೇಕು. ಡಿಸ್ಕ್ ಇದ್ದರೆ ಬಹುಪಾಲು ಮಾಹಿತಿ ಅದರಿಂದಲೇ ಕನ್ಸೋಲ್‌ಗೆ ಹೋಗುತ್ತದೆ, ತಿದ್ದುಪಡಿಗಳನ್ನಷ್ಟೇ ಇಂಟರ್‌ನೆಟ್‌ನಿಂದ ತರಿಸಿಕೊಂಡರೆ ಸಾಕು. ಮೊದಲ ಪ್ಲೇಸ್ಟೇಷನ್ 5ರ ಒಳಗಿನ 825 ಗಿಗಾಬೈಟ್ ಸಂಗ್ರಹದಲ್ಲಿ ನಮಗೆ ಬಳಸಲು ಸಿಗುವುದು ಸುಮಾರು 667 ಮಾತ್ರ. ಹತ್ತು ದೊಡ್ಡ ಆಟಗಳಾಗುವಷ್ಟರಲ್ಲಿ ಒಂದನ್ನು ಅಳಿಸಿ ಇನ್ನೊಂದನ್ನು ಹಾಕುವ ಕೆಲಸ ಶುರುವಾಗುತ್ತದೆ. ಆಗ ಅಳಿಸಿದ್ದನ್ನು ಮತ್ತೆ ಪೂರ್ತಿಯಾಗಿ ಇಳಿಸಿಕೊಳ್ಳಬೇಕೋ ಕಪಾಟಿನಿಂದ ತೆಗೆದು ಹಾಕಿಕೊಳ್ಳಬೇಕೋ ಎಂಬುದು ಜಗಳೂರಿನ ಮನೆಯಲ್ಲಿ ಕುಳಿತವನಿಗೆ ಬಹಳ ದೊಡ್ಡ ವ್ಯತ್ಯಾಸ. ಆದ್ದರಿಂದ ಡಿಸ್ಕ್‌ನ ವ್ಯಾಪಾರ ಮುಗಿಯಿತೆಂಬ ತೀರ್ಮಾನವನ್ನು ಜಿಲ್ಲಾ ಕೇಂದ್ರದ ಶಾಖೆಗಳ ಮೇಲೂ ಹೇರುವುದು ತಪ್ಪು ಎಂದು ನಾನು ಬಲವಾಗಿ ನಂಬುತ್ತೇನೆ. ಹಳೆಯ ಡಿಸ್ಕ್‌ಗೆ ಮತ್ತೆ ನಗದು ಕೊಡುವಂತಾಗಬೇಕು, ಕೊಳ್ಳುವ ದರದ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು, ಜಮೆಯ ಅವಧಿ ಮಿತಿಯನ್ನು ತೆಗೆಯಬೇಕು. ಇದನ್ನು ಸರಣಿಯ ಗ್ರಾಹಕ ವಿಭಾಗಕ್ಕೂ ಬರೆದು ತಿಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಹೊಸ ಆಟಗಳ ಬೆಲೆಯಲ್ಲಿ ಆನ್‌ಲೈನ್ ತಾಣಗಳು ಹಬ್ಬದ ರಿಯಾಯಿತಿಯ ದಿನಗಳಲ್ಲಿ ಮಳಿಗೆಗಿಂತ ಅಗ್ಗ, ಉಳಿದ ದಿನಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ವಾಹನ ನಿಲ್ಲಿಸಲು ಜಾಗ ಕಡಿಮೆ.

ಮೊದಲ ಸಲ ಹೋಗುವವರು ಸಂಜೆಯ ಗದ್ದಲ ಬಿಟ್ಟು ವಾರದ ನಡುವಿನ ದಿನ ಬೆಳಿಗ್ಗೆ ಹೋಗುವುದು ಒಳ್ಳೆಯದು, ಆಗ ಹಳೆಯ ಡಿಸ್ಕ್‌ಗಳ ಪೆಟ್ಟಿಗೆಯನ್ನು ನಿಧಾನವಾಗಿ ನೋಡಬಹುದು. ಕನ್ಸೋಲ್ ಕೊಳ್ಳುವುದಾದರೆ ಪೆಟ್ಟಿಗೆಯ ಮೇಲಿನ ಸೀರಿಯಲ್ ಸಂಖ್ಯೆ ಮತ್ತು ಮಳಿಗೆಯ ಜಿಎಸ್‌ಟಿ ಸಂಖ್ಯೆ ಎರಡೂ ಇರುವ ಬಿಲ್ ಕೇಳಿ ಪಡೆಯಿರಿ, ವಾರಂಟಿಗೆ ಅದು ಬೇಕಾಗುತ್ತದೆ. ಹಳೆಯ ಡಿಸ್ಕ್ ಮಾರಲು ಒಯ್ಯುವವರು ಮೂಲ ಡಬ್ಬಿಯಲ್ಲೇ ಒಯ್ಯಿರಿ. ಡಬ್ಬಿಯಿಲ್ಲದ ಡಿಸ್ಕ್‌ಗೆ ಅವರು ಕೊಡುವ ಬೆಲೆ ಬಹಳ ಕಡಿಮೆ. ಜಮೆ ಬರೆಸಿಕೊಂಡರೆ ಅದರ ಕೊನೆಯ ದಿನಾಂಕವನ್ನು ಕೌಂಟರ್‌ನಲ್ಲಿಯೇ ಓದಿ ನೋಡಿಕೊಳ್ಳಿ.